ಮನೆಯಲ್ಲೇ ನೆಗ್ರೋನಿ: ಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಐಸ್ ನೋಡಿಕೊಳ್ಳಿ

ಬೆಂಗಳೂರಿಗೋ ಗೋವಾಕ್ಕೋ ಹೋದಾಗ ಬಾರಿನಲ್ಲಿ ಕೆಂಪಗಿನ ಕಹಿ ಡ್ರಿಂಕ್ ಒಂದನ್ನು ಕುಡಿದಿರುತ್ತಾರೆ. ಊರಿಗೆ ಬಂದ ಮೇಲೆ ಕೇಳುತ್ತಾರೆ: "ಆ ನೆಗ್ರೋನಿನ ಶಿವಮೊಗ್ಗದಲ್ಲಿ, ಮನೇಲಿ ಮಾಡೋಕೆ ಆಗುತ್ತಾ?" ಆಗುತ್ತದೆ. ಮಾಡುವುದಕ್ಕೆ ಐದು ನಿಮಿಷ ಸಾಕು. ಆದರೆ ಸ್ವಲ್ಪ ದಿನ ಬಿಟ್ಟು ಅವರಿಂದಲೇ ಎರಡನೇ ಪ್ರಶ್ನೆ ಬರುತ್ತದೆ: "ಮಾಡಿದೆ, ಬಾರಿನ ರುಚಿ ಬರಲಿಲ್ಲ. ಯಾವ ಜಿನ್ ತರಬೇಕಿತ್ತು?"

ಜಿನ್ ಯಾವುದಾದರೂ ನಡೆಯುತ್ತದೆ. ಅಲ್ಲಿ ಜಾಸ್ತಿ ದುಡ್ಡು ಸುರಿಯುವ ಅಗತ್ಯವಿಲ್ಲ. ನಮ್ಮ ಕಡೆ ಮನೆಗಳಲ್ಲಿ ಈ ಡ್ರಿಂಕ್ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಶೋಕೇಸಿನಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ವರ್ಮೂತ್ ಎಂಬ ಮಸಾಲೆ ವೈನ್. ಎರಡು, ಒಣಮೀನಿನ ವಾಸನೆ ಹಿಡಿದ ಐಸ್. ಇವೆರಡು ಸರಿಯಾದರೆ ಮಿಕ್ಕಿದ್ದು ತಾನಾಗಿ ಸರಿಯಾಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಅವುಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

21 ವರ್ಷ ತುಂಬದವರು, ಗರ್ಭಿಣಿಯರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಇಲ್ಲಿಗೇ ನಿಲ್ಲಿಸಿ.

ನೆಗ್ರೋನಿಯಲ್ಲಿ ಏನಿರುತ್ತದೆ

ಮೂರೇ ಮೂರು ಸಾಮಾನು: ಜಿನ್, ಕಂಪಾರಿ ಎಂಬ ಕಹಿ ಮದ್ಯ, ಕೆಂಪು ಸಿಹಿ ವರ್ಮೂತ್. ಮೂರೂ ಸಮಪಾಲು, ತಲಾ 30 ಮಿಲಿ. ಒಟ್ಟು 90. ನಮ್ಮವರ ಭಾಷೆಯಲ್ಲಿ ಹೇಳಿದರೆ ಒಂದು ನೈಂಟಿ. ಮೇಲೆ ಐಸ್, ಒಂದು ಚೂರು ಕಿತ್ತಳೆ ಸಿಪ್ಪೆ. ಜ್ಯೂಸ್ ಇಲ್ಲ, ಸೋಡಾ ಇಲ್ಲ, ಸಕ್ಕರೆ ಪಾಕವೂ ಇಲ್ಲ.

ಇದರ ಹುಟ್ಟಿನ ಬಗ್ಗೆ ಹೇಳುವ ಕಥೆ ಇಟಲಿಯ ಫ್ಲಾರೆನ್ಸ್ ನಗರದ್ದು. ಅಲ್ಲಿ ಕಂಪಾರಿ, ವರ್ಮೂತ್, ಸೋಡಾ ಸೇರಿಸಿದ ಅಮೆರಿಕಾನೋ ಎಂಬ ಡ್ರಿಂಕ್ ಚಾಲ್ತಿಯಲ್ಲಿತ್ತು. 1919ರ ಹೊತ್ತಿಗೆ ಕಮಿಲ್ಲೋ ನೆಗ್ರೋನಿ ಎಂಬ ಕೌಂಟ್, ಅಂದರೆ ಅಲ್ಲಿನ ಜಮೀನ್ದಾರ ಮನೆತನದವರು, ಸೋಡಾ ಬೇಡ, ಜಿನ್ ಹಾಕು ಎಂದರಂತೆ. ಫೋಸ್ಕೋ ಸ್ಕಾರ್ಸೆಲ್ಲಿ ಎಂಬ ಬಾರ್‌ಟೆಂಡರ್ ಹಾಗೇ ಮಾಡಿಕೊಟ್ಟರಂತೆ. ನಿಜವೋ ಸುಳ್ಳೋ, ಕಥೆಯಿಂದ ಒಂದು ಉಪಯೋಗವಿದೆ. ಸ್ಟ್ರಾಂಗ್ ಅನ್ನಿಸಿದವರು ಜಿನ್ ಬಿಟ್ಟು ಸೋಡಾ ಹಾಕಿಕೊಂಡು ಮತ್ತೆ ಅಮೆರಿಕಾನೋಗೆ ವಾಪಸ್ ಹೋಗಬಹುದು. ಕಂಪಾರಿಯ ಕಹಿ ಗೊತ್ತಿಲ್ಲದವರು ಮೊದಲು ಅದನ್ನೇ ಕುಡಿದು ನೋಡುವುದು ಒಳ್ಳೆಯದು.

ಕಹಿ ಎಂದ ತಕ್ಷಣ ಹೆದರಬೇಡಿ. ಹಾಗಲಕಾಯಿ ಗೊಜ್ಜಿನಲ್ಲಿ ಕಹಿಯನ್ನು ಬೆಲ್ಲ ಹೇಗೆ ಹಿಡಿದುಕೊಳ್ಳುತ್ತದೋ, ಇಲ್ಲಿ ಆ ಕೆಲಸವನ್ನು ವರ್ಮೂತ್ ಮಾಡುತ್ತದೆ. ಗೊಜ್ಜು ತಿಂದು ಬೆಳೆದ ನಾಲಿಗೆಗೆ ನೆಗ್ರೋನಿ ಒಗ್ಗಲು ಜಾಸ್ತಿ ಹೊತ್ತು ಬೇಕಿಲ್ಲ.

ಮೂರು ಬಾಟಲಿಗಳು

ಜಿನ್: ಜುನಿಪರ್ ಎಂಬ ಗಿಡದ ಕಾಯಿಯಿಂದ ಪರಿಮಳ ಬರಿಸಿದ ಮದ್ಯ. ಬಾಟಲಿ ಮೇಲೆ 'ಲಂಡನ್ ಡ್ರೈ' ಎಂದಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದು ಲಂಡನ್ನಿನಲ್ಲೇ ಮಾಡಿದ್ದು ಎಂದಲ್ಲ. ಭಟ್ಟಿ ಇಳಿಸಿದ ಮೇಲೆ ಬಣ್ಣ, ಬೇರೆ ಪರಿಮಳ ಬೆರೆಸಿಲ್ಲ, ಸಿಹಿಯೂ ಇಲ್ಲ ಎಂದು ಅರ್ಥ. ಗಾರ್ಡನ್ಸ್, ಬೀಫೀಟರ್, ಬಾಂಬೆ ಸಫೈರ್, ಗೋವಾದಲ್ಲಿ ತಯಾರಾಗುವ ಗ್ರೇಟರ್ ದ್ಯಾನ್, ಸ್ಟ್ರೇಂಜರ್ ಅಂಡ್ ಸನ್ಸ್ ಎಲ್ಲವೂ ನಡೆಯುತ್ತವೆ. ಗುಲಾಬಿ ಬಣ್ಣದ್ದು, ಸ್ಟ್ರಾಬೆರಿ, ಆರೆಂಜ್ ಫ್ಲೇವರಿನದ್ದು ಬೇಡ. ಕಂಪಾರಿ ಮುಂದೆ ಅವು ಕೆಮ್ಮಿನ ಸಿರಪ್ ಆಗುತ್ತವೆ. ತುಂಬಾ ದುಬಾರಿ ಜಿನ್ ಕೂಡ ದಂಡ. ಅದರ ಸೂಕ್ಷ್ಮ ಪರಿಮಳವನ್ನೆಲ್ಲ ಕಂಪಾರಿ ನುಂಗಿಬಿಡುತ್ತದೆ. ಅಂಥದ್ದನ್ನು ಟಾನಿಕ್ ವಾಟರ್ ಜೊತೆ ಕುಡಿಯಿರಿ.

ಕಂಪಾರಿ: 1860ರಲ್ಲಿ ಇಟಲಿಯ ಗಾಸ್ಪಾರೆ ಕಂಪಾರಿ ಶುರುಮಾಡಿದ ಕೆಂಪು, ಕಹಿ ಮದ್ಯ. ಸೊಪ್ಪು, ಹಣ್ಣು ಎಲ್ಲ ನೆನೆಸಿ ಮಾಡುತ್ತಾರೆ. ಪೂರ್ತಿ ಪಟ್ಟಿಯನ್ನು ಕಂಪನಿ ಹೊರಗೆ ಬಿಟ್ಟಿಲ್ಲ. ಸಸ್ಯಾಹಾರಿಗಳು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಕೊಡುತ್ತೇನೆ. ಹಿಂದೆ ಇದರ ಕೆಂಪು ಬಣ್ಣ ಬರುತ್ತಿದ್ದದ್ದು ಒಂದು ಜಾತಿಯ ಹುಳುವಿನಿಂದ ತೆಗೆಯುವ ಕಾರ್ಮೈನ್ ಬಣ್ಣದಿಂದ. 2006ರ ಸುಮಾರಿಗೆ ಹೆಚ್ಚಿನ ದೇಶಗಳಲ್ಲಿ ಅದನ್ನು ಬಿಟ್ಟು ಕೃತಕ ಬಣ್ಣಕ್ಕೆ ಬಂದರು. ಅನುಮಾನವಿದ್ದರೆ ಲೇಬಲ್ ನೋಡಿಕೊಳ್ಳಿ. ಕಂಪಾರಿ ಕೆಡುವುದಿಲ್ಲ. ತೆರೆದ ಬಾಟಲಿಯನ್ನು ಹೊರಗೇ ಇಡಬಹುದು, ಬಿಸಿಲು ಬೀಳಬಾರದು ಅಷ್ಟೇ.

ವರ್ಮೂತ್: ಇಲ್ಲಿ ಸ್ವಲ್ಪ ನಿಲ್ಲಿ. ವರ್ಮೂತ್ ಎಂದರೆ ವೈನ್. ಅದಕ್ಕೆ ಸ್ವಲ್ಪ ಮದ್ಯ ಸೇರಿಸಿ, ಸೊಪ್ಪು, ಬೇರು, ಮಸಾಲೆ ನೆನೆಸಿ, ಸಿಹಿ ಮಾಡಿರುತ್ತಾರೆ. ಅದರಲ್ಲಿ ಮುಖ್ಯವಾದ ವರ್ಮ್‌ವುಡ್ ಎಂಬ ಕಹಿ ಗಿಡ, ನಾವು ಹೂವಿನ ದಂಡೆಗೆ ಕಟ್ಟುವ ದವನದ ಕುಲಕ್ಕೇ ಸೇರಿದ್ದು. ಈಗಿನ ರೀತಿಯ ಸಿಹಿ ವರ್ಮೂತ್ ಶುರುಮಾಡಿದ ಹೆಸರು ಟ್ಯೂರಿನ್ ನಗರದ ಕಾರ್ಪಾನೋ ಅವರದ್ದು, 1786ರಲ್ಲಿ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಮಾರ್ಟಿನಿ ರೊಸ್ಸೊ, ಅಪರೂಪಕ್ಕೆ ಚಿನ್ಜಾನೊ ರೊಸ್ಸೊ. ಲೇಬಲ್ ಮೇಲೆ 'ರೊಸ್ಸೊ' ಎಂದೇ ಇರಬೇಕು. 'ಎಕ್ಸ್‌ಟ್ರಾ ಡ್ರೈ', 'ಬಿಯಾಂಕೊ' ಎಂದಿರುವ ಬಾಟಲಿಗಳು ಪಕ್ಕದಲ್ಲೇ ಕೂತಿರುತ್ತವೆ, ಆಕಾರವೂ ಒಂದೇ. ಅಂಗಡಿಯವರು ಕೊಟ್ಟದ್ದನ್ನು ನೋಡದೇ ಬ್ಯಾಗಿಗೆ ಹಾಕಿಕೊಳ್ಳಬೇಡಿ.

ವೈನ್ ಆದ್ದರಿಂದ ವರ್ಮೂತ್ ಹಳಸುತ್ತದೆ. ಮುಚ್ಚಳ ತೆರೆದ ದಿನದಿಂದ ಗಾಳಿ ತಾಗಿ ರುಚಿ ಇಳಿಯುತ್ತಾ ಹೋಗುತ್ತದೆ. ವಿಸ್ಕಿ, ರಮ್ ಜೊತೆ ಶೋಕೇಸಿನಲ್ಲಿಟ್ಟರೆ ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ಕೆಲವೇ ವಾರಗಳಲ್ಲಿ ಸಪ್ಪೆಯಾಗಿ, ಹುಳಿ ವಾಸನೆಗೆ ತಿರುಗುತ್ತದೆ. ತೆರೆದ ತಕ್ಷಣ ಫ್ರಿಜ್ಜಿಗೆ ಸೇರಿಸಿ. ಒಂದು, ಹೆಚ್ಚೆಂದರೆ ಎರಡು ತಿಂಗಳಲ್ಲಿ ಮುಗಿಸಿ. ಬಾಟಲಿ ಮೇಲೆ ತೆರೆದ ತಾರೀಕು ಬರೆದು ಅಂಟಿಸುವುದು ಒಳ್ಳೆಯ ಅಭ್ಯಾಸ. ಒಳಗೆ ಅರ್ಧಕ್ಕಿಂತ ಕಡಿಮೆ ಉಳಿದರೆ ಚಿಕ್ಕ ಬಾಟಲಿಗೆ ಸುರಿದು ಕುತ್ತಿಗೆವರೆಗೆ ತುಂಬಿಸಿ. ಗಾಳಿಗೆ ಜಾಗವಿಲ್ಲದಿದ್ದರೆ ಹಳಸುವುದು ನಿಧಾನ. ಅನುಮಾನ ಬಂದರೆ ಒಂದು ಚಮಚ ಬರಿದೇ ಕುಡಿದು ನೋಡಿ. ಒಣದ್ರಾಕ್ಷಿ, ಮಸಾಲೆ ಪರಿಮಳ ಇದ್ದರೆ ಸರಿ. ವಿನೆಗರ್ ನೆನಪಾದರೆ ಚೆಲ್ಲಿ.

ಎಲ್ಲಿ ಸಿಗುತ್ತದೆ

ಜಿನ್ ಸಿಗುವುದು ಕಷ್ಟವಲ್ಲ. ಕಂಪಾರಿ, ವರ್ಮೂತ್ ಮಾತ್ರ ಎಲ್ಲ ವೈನ್ ಶಾಪ್‌ಗಳಲ್ಲೂ ಇರುವುದಿಲ್ಲ. ಹೊಸನಗರ, ಸೊರಬ, ಶೃಂಗೇರಿಯಂಥ ಊರುಗಳಲ್ಲಿ ಹುಡುಕಿ ಸುಸ್ತಾಗಬೇಡಿ. ಶಿವಮೊಗ್ಗದ ದೊಡ್ಡ ಅಂಗಡಿಗಳಲ್ಲಿ ಕೇಳಿ. ಇಲ್ಲದಿದ್ದರೆ ತರಿಸಿಕೊಡಲು ಹೇಳಿಡಿ. ರಾಜ್ಯದ ಅಂಗಡಿಗಳಿಗೆಲ್ಲ ಮಾಲು ಬರುವುದು ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗಳಿಂದಲೇ. ಗಿರಾಕಿ ಗ್ಯಾರಂಟಿ ಎಂದಾದರೆ ಅಂಗಡಿಯವರು ತರಿಸಿಕೊಡುವ ಸಾಧ್ಯತೆ ಇದೆ. ಅದೂ ಆಗದಿದ್ದರೆ ಬೆಂಗಳೂರಿಗೆ ಹೋದಾಗ ತನ್ನಿ, ಬಿಲ್ ಇಟ್ಟುಕೊಳ್ಳಿ.

ಗೋವಾದಲ್ಲಿ ಅಗ್ಗ ಎಂದು ಅಲ್ಲಿಂದ ತುಂಬಿಸಿಕೊಂಡು ಬರುವ ಯೋಚನೆ ಬೇಡ. ಬೇರೆ ರಾಜ್ಯದ ಮದ್ಯವನ್ನು ಪರ್ಮಿಟ್ ಇಲ್ಲದೆ ತಂದರೆ ಅಬಕಾರಿ ಕೇಸು ಆಗುತ್ತದೆ. ಗಡಿ ಚೆಕ್‌ಪೋಸ್ಟಿನಲ್ಲಿ ಮಾನ ಹೋಗುವುದು ಬೇರೆ.

ಒಂದು ಸಲಹೆ: ಮೊದಲು ಕಂಪಾರಿ ಮತ್ತು ವರ್ಮೂತ್ ಕೈಗೆ ಬರಲಿ, ಆಮೇಲೆ ಜಿನ್ ತನ್ನಿ. ಉಲ್ಟಾ ಮಾಡಿದರೆ ಕಂಪಾರಿ ಸಿಗುವಷ್ಟರಲ್ಲಿ ಜಿನ್ ಖಾಲಿಯಾಗಿರುತ್ತದೆ. ವರ್ಮೂತ್ ಸಣ್ಣ ಬಾಟಲಿಯಲ್ಲಿ ಸಿಕ್ಕರೆ ಅದನ್ನೇ ಆರಿಸಿ.

ಐಸ್

ಇದು ಬರೀ ತಣ್ಣಗೆ ಮಾಡುವುದಕ್ಕಲ್ಲ. ಕಲಕುವಾಗ ಐಸ್ ಕರಗಿ 90 ಮಿಲಿಗೆ ಸುಮಾರು 20ರಿಂದ 25 ಮಿಲಿ ನೀರು ಸೇರುತ್ತದೆ. ಅಂದರೆ ನಿಮ್ಮ ಗ್ಲಾಸಿನಲ್ಲಿ ನಾಲ್ಕನೇ ಸಾಮಾನು ನೀರು. ಬಾವಿ ನೀರಿನಲ್ಲಿ ಕಬ್ಬಿಣದ ರುಚಿ ಇದ್ದರೆ ಅದು ಡ್ರಿಂಕಿಗೂ ಬರುತ್ತದೆ. ಗುಡ್ಡದಿಂದ ಪೈಪಿನಲ್ಲಿ ಬರುವ ನೀರು ಮಳೆಗಾಲದಲ್ಲಿ ಮಣ್ಣು ಬಣ್ಣಕ್ಕೆ ತಿರುಗುತ್ತದೆ, ಅಲ್ವಾ? ಅದನ್ನು ಸೋಸಿ, ಕುದಿಸಿ, ಆರಿಸಿ ಐಸಿಗೆ ಇಡಿ.

ಇನ್ನು ವಾಸನೆ. ಫ್ರೀಜರಿನಲ್ಲಿ ಒಣ ಸಿಗಡಿ, ಮೀನು, ಹಲಸಿನ ತೊಳೆ, ತುರಿದ ಕಾಯಿ ಎಲ್ಲ ಇರುವುದು ಸಹಜ. ಐಸ್ ಅವೆಲ್ಲದರ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲೇ ಐಸ್ ಮಾಡಿ. ಟ್ರೇಯಲ್ಲಿ ಮಾಡಿದರೆ ಗಟ್ಟಿಯಾದ ತಕ್ಷಣ ತೆಗೆದು ಡಬ್ಬಿಗೆ ತುಂಬಿ ಮುಚ್ಚಿಡಿ. ವಾರಕ್ಕಿಂತ ಹಳೆಯ ಐಸ್ ಬೇಡ. ಅದನ್ನು ಗಿಡಕ್ಕೆ ಹಾಕಿ.

ಆಮೇಲೆ ಕರೆಂಟ್. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಇಡೀ ದಿನ ಕರೆಂಟ್ ಇರುವುದಿಲ್ಲ. ಐಸ್ ಅರ್ಧ ಕರಗಿ, ಕರೆಂಟ್ ಬಂದ ಮೇಲೆ ಒಂದೇ ಗಡ್ಡೆಯಾಗಿ ಅಂಟಿಕೊಂಡಿರುತ್ತದೆ. ಅಂಥ ಐಸ್ ಒಡೆದಾಗ ಪುಡಿ ಜಾಸ್ತಿ ಬರುತ್ತದೆ, ಪುಡಿ ಬೇಗ ಕರಗುತ್ತದೆ, ಡ್ರಿಂಕ್ ನೀರಾಗುತ್ತದೆ. ಅದನ್ನು ಬಿಸಾಡಿ ಹೊಸದು ಮಾಡಿ.

ಗ್ಲಾಸಿಗೆ ಹಾಕುವ ಐಸ್ ದೊಡ್ಡದಿದ್ದಷ್ಟೂ ಒಳ್ಳೆಯದು. ದೊಡ್ಡ ತುಂಡು ನಿಧಾನ ಕರಗುತ್ತದೆ. ಅದಕ್ಕೆ ಸಿಲಿಕೋನ್ ಅಚ್ಚು ಬೇಕೆಂದೇನಿಲ್ಲ. ಸಣ್ಣ ಸ್ಟೀಲ್ ಬಟ್ಟಲಲ್ಲಿ ಮುಕ್ಕಾಲು ನೀರು ಹಾಕಿ ಇಟ್ಟರೆ ಸಾಕು. ತೆಗೆಯುವಾಗ ಬಟ್ಟಲಿನ ಹೊರಗೆ ನಲ್ಲಿ ನೀರು ಬಿಟ್ಟರೆ ಜಾರಿ ಬರುತ್ತದೆ. ಬಟ್ಟಲು ಗ್ಲಾಸಿನ ಬಾಯಿಗಿಂತ ಸಣ್ಣದಿರಲಿ ಎಂದು ಮೊದಲೇ ನೋಡಿಕೊಳ್ಳಿ.

ಬಾರಿನ ಹಾಗೆ ಕನ್ನಡಿಯಂಥ ಐಸ್ ಬೇಕೆನ್ನುವವರು ದಪ್ಪ ಥರ್ಮೋಕೋಲ್ ಡಬ್ಬಿ ಅಥವಾ ಐಸ್‌ಬಾಕ್ಸ್‌ನಲ್ಲಿ ನೀರು ತುಂಬಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿಡಿ. ಆಗ ಮೇಲಿನಿಂದ ಕೆಳಕ್ಕೆ ಮಾತ್ರ ಗಟ್ಟಿಯಾಗುತ್ತದೆ, ಗಾಳಿಗುಳ್ಳೆಗಳು ತಳಕ್ಕೆ ಹೋಗುತ್ತವೆ. ಪೂರ್ತಿ ಗಟ್ಟಿಯಾಗುವ ಮೊದಲೇ ತೆಗೆದು ಮೇಲಿನ ಸ್ವಚ್ಛ ಭಾಗ ಕತ್ತರಿಸಿಕೊಳ್ಳಬೇಕು. ಮುಚ್ಚಳ ಇಲ್ಲದ್ದರಿಂದ ಆ ದಿನ ಫ್ರೀಜರಿನಲ್ಲಿ ಮೀನು ಇರಬಾರದು. ಚೆಂದ ಕಾಣುತ್ತದೆ ನಿಜ, ರುಚಿಗೆ ಅಂಥ ವ್ಯತ್ಯಾಸ ಇಲ್ಲ. ನನಗೆ ಇಷ್ಟು ತಾಳ್ಮೆ ಇಲ್ಲ.

ಎಚ್ಚರಿಕೆ: ಮೀನು ಮಾರ್ಕೆಟ್ಟಿನ ಗಡ್ಡೆ ಐಸ್ ತಂದು ಒಡೆದು ಹಾಕಬೇಡಿ. ಅದು ಮೀನು ಕೆಡದಂತೆ ಇಡಲು ಮಾಡಿದ್ದು, ಕುಡಿಯುವ ನೀರಿನದ್ದಲ್ಲ.

ಸಿಪ್ಪೆ

ಕಿತ್ತಳೆಯ ರಸ ಇಲ್ಲಿ ಬೇಡವೇ ಬೇಡ. ಬೇಕಾದ್ದು ಸಿಪ್ಪೆಯ ಹೊರಮೈಯ ಎಣ್ಣೆ. ಅದರ ಪರಿಮಳ ಮೂಗಿಗೆ ಬಂದರೆ ಕಹಿ ಅರ್ಧ ಇಳಿದಂತೆ ಅನ್ನಿಸುತ್ತದೆ.

ಪೇಟೆಯಲ್ಲಿ ಸಿಗುವ ದಪ್ಪ ಸಿಪ್ಪೆಯ ವಿದೇಶಿ ಆರೆಂಜ್ ಸುಲಭ, ಪೀಲರಿನಲ್ಲಿ ಸಲೀಸಾಗಿ ಬರುತ್ತದೆ. ಅದಕ್ಕೆ ಮೇಣ ಹಚ್ಚಿರಬಹುದು. ಬಿಸಿನೀರಲ್ಲಿ ಉಜ್ಜಿ ತೊಳೆದು ಒರೆಸಿ. ಕೊಡಗಿನ ಕಿತ್ತಳೆಯ ಸಿಪ್ಪೆ ತೆಳು, ಸಡಿಲ. ಪೀಲರ್ ಜಾರುತ್ತದೆ. ಕೈಯಲ್ಲೇ ಸುಲಿದು ಒಳಗಿನ ಬಿಳಿ ನಾರನ್ನು ಚಮಚದಲ್ಲಿ ಕೆರೆದು ಬಳಸಿ. ಪರಿಮಳ ಮಾತ್ರ ಬಹಳ ಚೆನ್ನಾಗಿದೆ. ಮೂಸಂಬಿ ಸಿಪ್ಪೆ ಮಂದ, ಬೇರೇನೂ ಇಲ್ಲದಾಗ ಸರಿ.

ನಿಮ್ಮ ಹಿತ್ತಲಲ್ಲಿ ಹೇರಳೆ ಗಿಡ ಇದ್ದರೆ ಪೇಟೆಗೆ ಹೋಗುವುದೇ ಬೇಡ. ಹೇರಳೆಕಾಯಿಯ ಸಿಪ್ಪೆ ದಪ್ಪ, ಎಣ್ಣೆ ಜಾಸ್ತಿ, ಪರಿಮಳ ತೀಕ್ಷ್ಣ. ಗೊಜ್ಜಿಗೆ, ಉಪ್ಪಿನಕಾಯಿಗೆ ಕಾಯಿ ಹೆಚ್ಚುವಾಗ ಎರಡು ಪಟ್ಟಿ ಸಿಪ್ಪೆ ತೆಗೆದಿಟ್ಟರಾಯಿತು. ಕಿತ್ತಳೆಗಿಂತ ಜೋರಾದ್ದರಿಂದ ಅರ್ಧ ಬೆರಳಿನಷ್ಟು ಸಾಕು. ಮಲೆನಾಡಿನ ನೆಗ್ರೋನಿ ಎಂದು ಒಂದಿದ್ದರೆ ಅದು ಹೇರಳೆ ಸಿಪ್ಪೆಯದ್ದೇ ಎನ್ನುವುದು ನನ್ನ ಅಭಿಪ್ರಾಯ. ಚಕ್ಕೋತದ ಹೊರಸಿಪ್ಪೆಯೂ ಆಗುತ್ತದೆ. ನಿಂಬೆ ಹಿಂಡುವುದು ಮಾತ್ರ ಬೇಡ. ಹುಳಿ ಸೇರಿದರೆ ಇದು ಬೇರೆಯದೇ ಡ್ರಿಂಕ್.

ಪಾತ್ರೆ, ಅಳತೆ

ಅಳೆಯಲು ಪೆಗ್ ಮೆಷರ್ ಇದ್ದರೆ ಸರಿ. ಇಲ್ಲದಿದ್ದರೆ ಸಿರಪ್ ಬಾಟಲಿ ಜೊತೆ ಬರುವ, ಗೆರೆ ಹಾಕಿದ ಪುಟ್ಟ ಕಪ್ ಚೆನ್ನಾಗಿ ತೊಳೆದು ಬಳಸಿ. ಕಲಕಲು ಒಂದು ಸ್ಟೀಲ್ ಚೊಂಬು ಅಥವಾ ದೊಡ್ಡ ಗಾಜಿನ ಲೋಟ, ಉದ್ದ ಹಿಡಿಯ ಚಮಚ. ಕುಡಿಯಲು ತಳ ದಪ್ಪಗಿರುವ ಗಿಡ್ಡ ಗಾಜಿನ ಗ್ಲಾಸ್. ತಾಮ್ರದ ಚೊಂಬು, ಕಲಾಯಿ ಇಲ್ಲದ ಹಿತ್ತಾಳೆ ಲೋಟ ಬೇಡ. ವರ್ಮೂತ್ ಹುಳಿ ಅಂಶದ್ದು, ತಾಮ್ರವನ್ನು ಕರಗಿಸಿಕೊಳ್ಳುತ್ತದೆ.

ಈಗ ಮಾಡೋಣ

1. ಗ್ಲಾಸನ್ನು ಹತ್ತು ನಿಮಿಷ ಮೊದಲೇ ಫ್ರೀಜರಿನಲ್ಲಿಡಿ. ಮರೆತಿದ್ದರೆ ಐಸ್ ನೀರು ತುಂಬಿಸಿಟ್ಟು ಆಮೇಲೆ ಚೆಲ್ಲಿ. ತೆಳು ಗಾಜಿನ ಗ್ಲಾಸನ್ನು ಬಿಸಿನೀರಲ್ಲಿ ತೊಳೆದ ತಕ್ಷಣ ಫ್ರೀಜರಿಗೆ ಹಾಕಬೇಡಿ, ಬಿರಿಯುತ್ತದೆ.

2. ಸಿಪ್ಪೆ ಈಗಲೇ ತೆಗೆದಿಟ್ಟುಕೊಳ್ಳಿ. ಎರಡು ಬೆರಳು ಉದ್ದ, ಒಂದು ಬೆರಳು ಅಗಲ. ಬಿಳಿ ಭಾಗ ಆದಷ್ಟು ಕಡಿಮೆ ಇರಲಿ, ಅದರಲ್ಲಿ ಪರಿಮಳ ಇಲ್ಲ, ಒಗರು ಕಹಿ ಮಾತ್ರ. ಡ್ರಿಂಕ್ ಮಾಡಿ ಮುಗಿಸಿ ಆಮೇಲೆ ಚಾಕು ಹುಡುಕುತ್ತಾ ಹೋದರೆ ಅಷ್ಟರಲ್ಲಿ ಐಸ್ ಕರಗುತ್ತಿರುತ್ತದೆ.

3. ಚೊಂಬಿಗೆ 30 ಮಿಲಿ ಜಿನ್, 30 ಮಿಲಿ ಕಂಪಾರಿ, 30 ಮಿಲಿ ವರ್ಮೂತ್ ಅಳೆದು ಹಾಕಿ. ಯಾವುದು ಮೊದಲು ಎಂಬುದು ಮುಖ್ಯವಲ್ಲ. ಅಳೆಯುವುದು ಮುಖ್ಯ. ವಿಸ್ಕಿ ಸುರಿದ ಹಾಗೆ ಕಣ್ಣಳತೆಯಲ್ಲಿ ಸುರಿದರೆ ಕಂಪಾರಿ ಐದು ಮಿಲಿ ಹೆಚ್ಚಾದರೂ ನಾಲಿಗೆಗೆ ಗೊತ್ತಾಗುತ್ತದೆ. ಹೆಚ್ಚು ಜನ ತಪ್ಪುವುದು ಇಲ್ಲೇ.

4. ಚೊಂಬಿನ ಮುಕ್ಕಾಲು ಭಾಗ ಐಸ್ ತುಂಬಿ. ಎರಡೇ ತುಂಡು ಹಾಕಿ ಉಳಿಸಲು ನೋಡಬೇಡಿ. ಕಡಿಮೆ ಐಸ್ ಹಾಕಿದರೆ ನೀರು ಕಡಿಮೆಯಾಗುತ್ತದೆ ಎಂದುಕೊಳ್ಳುವವರಿದ್ದಾರೆ. ಆಗುವುದು ಉಲ್ಟಾ. ಕಡಿಮೆ ಐಸ್ ಬೇಗ ಕರಗುತ್ತದೆ, ಡ್ರಿಂಕ್ ತಣ್ಣಗೂ ಆಗುವುದಿಲ್ಲ.

5. ಚಮಚವನ್ನು ಚೊಂಬಿನ ಅಂಚಿಗೆ ತಾಗಿಸಿ ಸುತ್ತಲೂ ನಿಧಾನ ಕಲಕಿ. 20ರಿಂದ 30 ಸೆಕೆಂಡ್. ಸ್ಟೀಲ್ ಚೊಂಬಾದರೆ ಹೊರಗೆ ಬೆವರು ಬರುತ್ತದೆ, ಕೈಗೆ ಚಳಿ ಹತ್ತುತ್ತದೆ. ಆಗ ನಿಲ್ಲಿಸಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಬೇಗ ಕಾಣಿಸಿಕೊಳ್ಳುತ್ತದೆ. ಅದನ್ನು ನಂಬಬೇಡಿ, ಸೆಕೆಂಡ್ ಎಣಿಸಿ. ಡಬ್ಬಿಯಲ್ಲಿ ಹಾಕಿ ಕುಲುಕಬೇಡಿ. ಕುಲುಕಿದರೆ ಗಾಳಿಗುಳ್ಳೆ ಸೇರಿ ಮಬ್ಬಾಗುತ್ತದೆ, ನೀರೂ ಜಾಸ್ತಿ ಸೇರುತ್ತದೆ. ಜ್ಯೂಸ್ ಇರುವ ಡ್ರಿಂಕಿಗೆ ಕುಲುಕುವುದು ಸರಿ, ಇದಕ್ಕಲ್ಲ.

6. ತಣ್ಣಗಿನ ಗ್ಲಾಸಿಗೆ ದೊಡ್ಡ ಐಸ್ ಇಟ್ಟು, ಚಮಚ ಅಡ್ಡ ಹಿಡಿದು ಚೊಂಬಿನದ್ದನ್ನು ಸೋಸಿ ಸುರಿಯಿರಿ. ಟೀ ಸೋಸುವ ಜರಡಿ ಬಳಸಿದರೆ ಅದರಲ್ಲಿ ಟೀ ವಾಸನೆ ಇಲ್ಲ ಎಂದು ನೋಡಿಕೊಳ್ಳಿ. ಕಲಕಿದ ಐಸನ್ನೇ ಮತ್ತೆ ಗ್ಲಾಸಿಗೆ ಹಾಕಬೇಡಿ, ಅದು ಕರಗಿ ಬಂದಿರುತ್ತದೆ.

7. ಸಿಪ್ಪೆಯ ಬಣ್ಣದ ಮೈ ಡ್ರಿಂಕಿನ ಕಡೆ ಇರುವಂತೆ ಹಿಡಿದು ಗ್ಲಾಸಿನ ಮೇಲೆ ಮಡಚಿ ಹಿಂಡಿ. ಸಣ್ಣ ತುಂತುರು ಹಾರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದೇ ಸಿಪ್ಪೆಯನ್ನು ಗ್ಲಾಸಿನ ಅಂಚಿಗೆ ಒಮ್ಮೆ ಸವರಿ ಒಳಗೆ ಹಾಕಿ.

ಚೊಂಬು ತೊಳೆಯುವ ಸೋಮಾರಿತನ ಇದ್ದರೆ ಎಲ್ಲವನ್ನೂ ನೇರವಾಗಿ ಗ್ಲಾಸಿಗೇ ಹಾಕಿ ಕಲಕಬಹುದು. ಅಂತಾರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಪಾಕವೂ ಹಾಗೇ ಹೇಳುತ್ತದೆ. ಆಗ ಗ್ಲಾಸ್ ತುಂಬಾ ಐಸ್ ಇರಬೇಕು.

ರುಚಿ ಸರಿಯಾಗದಿದ್ದರೆ

ಮೊದಲ ಸಲ ಸಮಪಾಲಿನಲ್ಲೇ ಮಾಡಿ, ಆಮೇಲೆ ಬದಲಾಯಿಸಿ. ಶುರುವಿನಲ್ಲೇ ಬದಲಾಯಿಸಿದರೆ ಏನು ತಪ್ಪಿತು ಎಂದು ಗೊತ್ತಾಗುವುದಿಲ್ಲ.

ತುಂಬಾ ಕಹಿ ಅನ್ನಿಸಿದರೆ ಕಂಪಾರಿ 20ಕ್ಕೆ ಇಳಿಸಿ, ಜಿನ್ 40 ಮಾಡಿ. ಇಲ್ಲವೇ ನಾಲ್ಕು ಕಾಳು ಉಪ್ಪು ಹಾಕಿ ನೋಡಿ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಸಕ್ಕರೆ ಹಾಕುವುದು ಬೇಡ, ಈಗಾಗಲೇ ಬೇಕಾದಷ್ಟಿದೆ. ಯುರೋಪಿನ ನಿಯಮದಂತೆ ಸಿಹಿ ವರ್ಮೂತ್‌ನಲ್ಲಿ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರಬೇಕು. ಕಂಪಾರಿಯೂ ಸಿಹಿಯೇ. ಕಹಿ ಇದೆ, ಶುಗರಿಗೆ ಒಳ್ಳೆಯದು ಎಂದುಕೊಂಡವರು ಇದನ್ನು ಎರಡು ಸಲ ಓದಿ.

ಅಂಟಂಟು ಸಿಹಿ ಅನ್ನಿಸಿದರೆ ನೀವು ಸರಿಯಾಗಿ ಕಲಕಿಲ್ಲ. ಇನ್ನೂ ಹತ್ತು ಸೆಕೆಂಡ್ ಕಲಕಿ. ಸಪ್ಪೆ, ಚಪ್ಪಟೆ ಅನ್ನಿಸಿದರೆ ವರ್ಮೂತ್ ಹಳಸಿದೆ. ಮೊದಲ ಗುಟುಕಿಗೇ ಏನೋ ಫ್ರಿಜ್ ವಾಸನೆ ಬಂದರೆ ಅದು ಐಸ್. ಜಿನ್ನಿನ ಮೇಲೆ ತಪ್ಪು ಹೊರಿಸುವ ಮೊದಲು ಇವಿಷ್ಟನ್ನೂ ನೋಡಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮಾತ್ರ. ಕವಳ ಹಾಕಿ ಉಗುಳಿ ಬಂದು ನೆಗ್ರೋನಿ ಕುಡಿಯಬೇಡಿ. ಅಡಿಕೆಯ ಒಗರು, ಸುಣ್ಣದ ಖಾರ ಹತ್ತಿದ ನಾಲಿಗೆಗೆ ಇದರ ರುಚಿ ಏನೂ ತಿಳಿಯುವುದಿಲ್ಲ. ಬಾಯಿ ತೊಳೆದು ಅರ್ಧ ಗಂಟೆ ಬಿಡಿ. ಜೊತೆಗೆ ತಿನ್ನಲು ಉಪ್ಪು, ಕರಿದದ್ದು ಹೊಂದುತ್ತದೆ: ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಕೋಡುಬಳೆ, ಹುರಿದ ಗೋಡಂಬಿ.

ಇದು ಎಷ್ಟು ಸ್ಟ್ರಾಂಗ್

ಲೆಕ್ಕ ಹಾಕೋಣ. ಜಿನ್ ಸಾಮಾನ್ಯವಾಗಿ 42.8 ಶೇಕಡಾ, ಕಂಪಾರಿ ಸುಮಾರು 25, ವರ್ಮೂತ್ ಸುಮಾರು 15. ತಲಾ 30 ಮಿಲಿ ಎಂದರೆ ಶುದ್ಧ ಆಲ್ಕೋಹಾಲ್ ಸುಮಾರು 25 ಮಿಲಿ. 60 ಮಿಲಿ ವಿಸ್ಕಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ನೆಗ್ರೋನಿ ಒಂದು ಲಾರ್ಜ್‌ಗೆ ಸಮ. ಸಿಹಿ, ಕಹಿ, ಕಿತ್ತಳೆ ಪರಿಮಳದ ಮಧ್ಯೆ ಅದು ಗೊತ್ತಾಗುವುದಿಲ್ಲ. ಎರಡನೆಯದ್ದು ಮುಗಿಸಿ ಎದ್ದಾಗ ಗೊತ್ತಾಗುತ್ತದೆ.

ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಒಂದೇ ಗ್ಲಾಸಿನಿಂದ ಅದು ದಾಟಬಹುದು. ಮಳೆ, ಮಂಜು, ಆಗುಂಬೆಯ ತಿರುವು ಇರುವ ನಾಡಿನಲ್ಲಿ ಅತಿಥಿಗಳಿಗೆ ಮೊದಲೇ ಹೇಳಿ, ಉಳಿಯಲು ಹಾಸಿಗೆ ಹಾಕಿಸಿ.

ಜಾಸ್ತಿ ಜನಕ್ಕೆ

ನೆಂಟರು, ಗೆಳೆಯರು ಬಂದಾಗ ಒಂದೊಂದೇ ಅಳೆಯುತ್ತಾ ಕೂರಬೇಡಿ. ಖಾಲಿಯಾದ 750 ಮಿಲಿ ಬಾಟಲಿ ತೊಳೆದು ಒಣಗಿಸಿ, ಮೂರನ್ನೂ ತಲಾ 250 ಮಿಲಿ ಹಾಕಿ ಫ್ರಿಜ್ಜಿನಲ್ಲಿಡಿ. ಎಂಟು ಗ್ಲಾಸ್ ಆಗುತ್ತದೆ. ಬೇಕಾದಾಗ 90 ಮಿಲಿ ಅಳೆದು ಐಸ್ ಜೊತೆ ಕಲಕಿ. ಮೊದಲೇ ತಣ್ಣಗಿರುವುದರಿಂದ ಐಸ್ ನಿಧಾನ ಕರಗುತ್ತದೆ. ನೀರು ಸೇರುವುದೂ ಕಡಿಮೆ. ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ಕಲಕಬೇಕು. ಬಾಟಲಿಗೆ ದೊಡ್ಡದಾಗಿ ಹೆಸರು ಬರೆದು ಅಂಟಿಸಿ. ಬಣ್ಣ ನೋಡಿದರೆ ಮುರುಗಲು ಶರಬತ್ತೇ, ಮಕ್ಕಳು ಫ್ರಿಜ್ ತೆಗೆದು ಸುರಿದುಕೊಂಡರೆ ಕಷ್ಟ. ಮೇಲಿನ ಅರೆಯಲ್ಲಿ, ಕೈಗೆ ಎಟುಕದ ಹಾಗೆ ಇಡಿ.

ವರ್ಮೂತ್ ಸಿಗಲೇ ಇಲ್ಲ ಎಂದರೆ

ಕಂಪಾರಿಗೆ ಬದಲಿ ಇಲ್ಲ. ಅಪೆರಾಲ್ ಎಂಬ ಇನ್ನೊಂದು ಇಟಲಿ ಮದ್ಯ ಸಿಕ್ಕರೆ ಹಾಕಬಹುದು, ಆದರೆ ಅದು ಹಗುರ, ಕಹಿ ಕಡಿಮೆ. ಕಿರಾತಕಡ್ಡಿ ಕಹಿ ಅಲ್ವಾ, ಜಿನ್ನಿನಲ್ಲಿ ನೆನೆಸಿದರೆ ಆಯಿತು ಎಂದು ಕೇಳಿದವರಿಗೆ ನನ್ನ ಉತ್ತರ: ಬೇಡ. ಅದು ಔಷಧಿ. ಎಷ್ಟು ಇಳಿಯುತ್ತದೆ, ನಿಮ್ಮ ಮಾತ್ರೆಗಳ ಜೊತೆ ಏನಾಗುತ್ತದೆ ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ.

ವರ್ಮೂತ್‌ಗೆ ಮಾತ್ರ ಒಂದು ತಾತ್ಕಾಲಿಕ ದಾರಿ ಇದೆ. 250 ಮಿಲಿ ಸಾಧಾರಣ ಕೆಂಪು ವೈನ್, ಮೂರು ದೊಡ್ಡ ಚಮಚ ಸಕ್ಕರೆ, ಸಣ್ಣ ಚೂರು ದಾಲ್ಚಿನ್ನಿ, ಎರಡು ಲವಂಗ, ಜಜ್ಜಿದ ಒಂದು ಏಲಕ್ಕಿ, ಒಂದು ಪಟ್ಟಿ ಕಿತ್ತಳೆ ಸಿಪ್ಪೆ. ಸಣ್ಣ ಉರಿಯಲ್ಲಿ ಐದಾರು ನಿಮಿಷ, ಕುದಿ ಬರದಂತೆ ಬಿಸಿ ಮಾಡಿ. ಒಲೆ ಆರಿಸಿ, ಪೂರ್ತಿ ಆರಿದ ಮೇಲೆ ಸೋಸಿ, 30 ಮಿಲಿ ಬ್ರಾಂಡಿ ಸೇರಿಸಿ. ಒಲೆ ಹತ್ತಿರ ಬ್ರಾಂಡಿ ತರಬೇಡಿ, ಬೆಂಕಿ ಹಿಡಿಯುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಏಲಕ್ಕಿ ಎರಡಾದರೆ ಪಾಯಸದ ಕಡೆ ಹೋಗುತ್ತದೆ, ಒಂದೇ ಇರಲಿ. ಇದನ್ನು ನೆಗ್ರೋನಿ ಎಂದು ಇಟಲಿಯವರ ಮುಂದೆ ಹೇಳಬೇಡಿ. ಕುಡಿಯಲು ಮಾತ್ರ ಚೆನ್ನಾಗಿರುತ್ತದೆ. ಬಾಟಲಿಯಲ್ಲಿ ಸಿಗುವ ಅಗ್ಗದ ಪೋರ್ಟ್ ವೈನ್ ಹಾಕುವುದಾದರೆ 20 ಮಿಲಿಗೆ ಇಳಿಸಿ, ಅದು ವಿಪರೀತ ಸಿಹಿ.

ಇನ್ನು ನಿಜವಾದ ವರ್ಮೂತ್ ತಂದು, ತಿಂಗಳು ಮುಗಿಯುತ್ತಾ ಬಂದರೂ ಅರ್ಧ ಬಾಟಲಿ ಉಳಿದಿದೆ ಎಂದರೆ ಅದಕ್ಕಾಗಿ ನೆಗ್ರೋನಿ ಮೇಲೆ ನೆಗ್ರೋನಿ ಮಾಡಬೇಡಿ. 50 ಮಿಲಿ ವರ್ಮೂತ್, ಗ್ಲಾಸ್ ತುಂಬಾ ಐಸ್, ಮೇಲೆ ಸೋಡಾ, ಒಂದು ಚೂರು ಹೇರಳೆ ಸಿಪ್ಪೆ. ಹಗುರವಾಗಿರುತ್ತದೆ, ಬಾಟಲಿಯೂ ಹಳಸುವ ಮೊದಲೇ ಖಾಲಿಯಾಗುತ್ತದೆ.